ಅಕ್ಕೋರ ಗಾಡಿಗೆ ಗ್ಯಾರಂಟಿ ಇಲ್ಲ

ಕೆಲವರಿಗೆ ಬಂಗಾರದ ಮೇಲೆ ಅಭಿಮಾನವಿರುತ್ತದೆ, ಕೆಲವರಿಗೆ ಮಕ್ಕಳ ಅಂಕಗಳ ಮೇಲೆ, ಇನ್ನು ಕೆಲವರಿಗೆ ತಾವು ಹಾಕಿದ ಉಪ್ಪಿನಕಾಯಿಯ ಮೇಲೆ. ಇಂಥ ಅಭಿಮಾನಗಳಿಂದ ಯಾರಿಗೂ ತೊಂದರೆಯಿಲ್ಲ. ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು, ಅಂಕಗಳನ್ನು ನೆಂಟರ ಮುಂದೆ ಹೇಳಿ ಮುಗಿಸಬಹುದು, ಉಪ್ಪಿನಕಾಯಿ ತಾನಾಗಿಯೇ ಖಾಲಿಯಾಗುತ್ತದೆ. ಆದರೆ ಹಳೆಯ ಕಾರಿನ ಮೇಲೆ ಅಭಿಮಾನ ಇಟ್ಟುಕೊಂಡವರ ಪಾಡು ಬೇರೆ. ಅದನ್ನು ಒಂದಲ್ಲ ಒಂದು ದಿನ ಮಾರಬೇಕಾಗುತ್ತದೆ. ಮಾರುವಾಗ ಗುರುತು ಪರಿಚಯವಿಲ್ಲದವರು ಮನೆಯ ಮುಂದೆ ಬಂದು ಅದರ ಟೈರಿಗೆ ಕಾಲಿನಿಂದ ಒದ್ದು ನೋಡುತ್ತಾರೆ. ಆಗ ನಾವು ಪಕ್ಕದಲ್ಲಿ ನಗುತ್ತಾ ನಿಲ್ಲಬೇಕು. ನನಗೆ ಆ ನಗು ಬರಲಿಲ್ಲ. ನಮ್ಮ ಮನೆಯವರು ಇದನ್ನು ಅಭಿಮಾನ ಎನ್ನುವುದಿಲ್ಲ, ಸೊಕ್ಕು ಎನ್ನುತ್ತಾರೆ. ಹೆಸರು ಯಾವುದಾದರೇನು, ಅದು ನನ್ನಲ್ಲಿ ಧಾರಾಳವಾಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ರಾಯಚೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ನಮ್ಮ ಕಡೆ ಪಾಠ ಹೇಳುವ ಗಂಡಸರಿಗೆ ಮಾಸ್ತರು ಎಂದೂ ಹೆಂಗಸರಿಗೆ ಅಕ್ಕೋರು ಎಂದೂ ಕರೆಯುತ್ತಾರೆ. ಈ ಅಕ್ಕೋರು ಕಾರು ಕೊಂಡಾಗ ಕಲ್ಮಲದ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದಳು. ಬೆಳಗಿನ ಬಸ್ಸು ತನ್ನ ಮನಸ್ಸಿಗೆ ಬಂದಾಗ ಬರುತ್ತಿತ್ತು, ಪ್ರಾರ್ಥನೆ ಮಾತ್ರ ಸರಿಯಾದ ಹೊತ್ತಿಗೆ ಶುರುವಾಗುತ್ತಿತ್ತು. ಅದಕ್ಕೇ ಯಾರೋ ಬಳಸಿದ್ದ ಬಿಳಿಯ ಸಣ್ಣ ಕಾರೊಂದನ್ನು ತಂದೆ. ನಮ್ಮ ಓಣಿಯಲ್ಲಿ ಹೆಂಗಸೊಬ್ಬಳು ಕಾರು ಓಡಿಸಿದ್ದು ಅದೇ ಮೊದಲು. ನಾನು ಗಾಡಿ ತೆಗೆಯುವ ಹೊತ್ತಿಗೆ ಎದುರು ಮನೆಯ ಹಿರಿಯರು ರಸ್ತೆಯ ಬದಿಗೆ ಮಲಗಲು ಹಾಕಿಕೊಂಡ ಹೊರಸನ್ನು ಎತ್ತಿ ಒಳಗಿಡುತ್ತಿದ್ದರು, ಕಟ್ಟಿದ ಆಕಳನ್ನು ಬಿಚ್ಚಿ ಬೇರೆ ಕಡೆ ಕಟ್ಟುತ್ತಿದ್ದರು. ಅದನ್ನು ನಾನು ಅವಮಾನವೆಂದು ತಿಳಿಯಲಿಲ್ಲ. ಮಂತ್ರಿಗಳು ಬರುವಾಗಲೂ ಜನ ದಾರಿ ಬಿಡುತ್ತಾರಲ್ಲವೇ. ವರ್ಷ ಕಳೆದಂತೆ ಹೊರಸು ಇದ್ದಲ್ಲೇ ಉಳಿಯಿತು, ಆಕಳೂ ನನ್ನ ಹಾರ್ನಿಗೆ ಕಿವಿ ಅಲ್ಲಾಡಿಸುವುದನ್ನು ಬಿಟ್ಟಿತು. ಅಷ್ಟೂ ವರ್ಷ ಆ ಕಾರು ನನ್ನನ್ನು ಒಂದು ಸಲವೂ ರಸ್ತೆಯಲ್ಲಿ ಬಿಟ್ಟು ನಿಂತದ್ದಿಲ್ಲ. ಇದನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೆನೆಂದರೆ, ನಮ್ಮ ಶಾಲೆಯ ಮಾಸ್ತರುಗಳು ನನ್ನನ್ನು ಕಂಡರೆ ತಾವೇ ಹೇಳಿಬಿಡುತ್ತಿದ್ದರು.

ಅದಕ್ಕೆ ಕೆಲವು ಸ್ವಭಾವಗಳಿದ್ದವು ನಿಜ. ಸ್ವಭಾವ ಎನ್ನುತ್ತೇನೆಯೇ ಹೊರತು ದೋಷ ಎನ್ನುವುದಿಲ್ಲ. ನಮ್ಮ ಊರಿನ ಬೇಸಿಗೆಯಲ್ಲಿ ಮಧ್ಯಾಹ್ನ ಮನುಷ್ಯರೇ ಎದ್ದು ನಿಲ್ಲುವುದಿಲ್ಲ, ಹಳೆಯ ಇಂಜಿನ್ನಿಗೆ ಮಾತ್ರ ಏನು ಕರ್ಮ? ಬಾನೆಟ್ ಎತ್ತಿ, ಇಂಜಿನ್ ಪಕ್ಕದಲ್ಲಿರುವ ಪುಟ್ಟ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಸ್ವಲ್ಪ ಹೊತ್ತು ನೆರಳಲ್ಲಿ ನಿಂತು, ಆಮೇಲೆ ಕೀಲಿ ತಿರುಗಿಸಿದರೆ ಎದ್ದು ಹೊರಡುತ್ತಿತ್ತು. ಜ್ವರ ಬಂದ ಮಗುವಿನ ಹಣೆಗೆ ತಣ್ಣೀರ ಪಟ್ಟಿ ಹಾಕುವುದಿಲ್ಲವೇ, ಹಾಗೆ. ಸ್ಟಿಯರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ ಹಾರ್ನು ತಾನಾಗಿ ಬಡಿದುಕೊಳ್ಳುತ್ತಿತ್ತು. ಎಡಕ್ಕೆ ತಿರುಗಿಸಿದರೆ ಬಾಯಿ ಬಿಡುತ್ತಿರಲಿಲ್ಲ. ಹಿಂದಿನ ಒಂದು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಪೆಟ್ರೋಲ್ ತೋರಿಸುವ ಮುಳ್ಳು ಯಾವಾಗಲೂ ಅರ್ಧಕ್ಕೇ ನಿಂತಿರುತ್ತಿತ್ತು. ಟ್ಯಾಂಕು ತುಂಬಿದ್ದಾಗ ಅದು ಹಿಗ್ಗುತ್ತಿರಲಿಲ್ಲ, ಖಾಲಿಯಾದಾಗ ಕುಗ್ಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಂಥ ಸಮಚಿತ್ತ ಇದ್ದದ್ದು ಅದಕ್ಕೊಂದಕ್ಕೇ.

ಇಷ್ಟು ಒಳ್ಳೆಯ ಗಾಡಿಯನ್ನು ಮಾರಿದ್ದೇಕೆ ಎಂದು ನೀವು ಕೇಳುತ್ತೀರಿ. ನಮ್ಮವರು ಹೊಸ ಕಾರು ತಂದರು, ಅದಕ್ಕೆ. ಹೊಸದು ಮಾತಾಡುವ ಕಾರು. ಬೆಲ್ಟು ಹಾಕದಿದ್ದರೆ ಕೂಗುತ್ತದೆ, ಬಾಗಿಲು ಸರಿಯಾಗಿ ಹಾಕದಿದ್ದರೆ ಕೂಗುತ್ತದೆ, ಹಿಂದೆ ನಾಯಿ ಬಂದರೂ ಕೂಗುತ್ತದೆ. ಶಾಲೆಯಲ್ಲಿ ದಿನವಿಡೀ ಕೂಗಿ ಬಂದವಳಿಗೆ ಗಾಡಿಯ ಕೈಯಲ್ಲಿ ಬೈಸಿಕೊಳ್ಳುವ ಯೋಗ. ಓಣಿಯಲ್ಲಿ ಎರಡು ಕಾರು ನಿಲ್ಲಿಸಲು ಜಾಗವಿಲ್ಲ. ಹೊಸ ಕಾರಿನ ಅಂಗಡಿಯವನು ಹಳೆಯದನ್ನು ಬದಲಿಗೆ ತೆಗೆದುಕೊಳ್ಳುತ್ತೇನೆಂದು ಹೇಳಿ, ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದು ಗುಜರಿಗೆ ಹೋಗೂದ್ರಿ ಮೇಡಂ" ಎಂದ. ಅವನಿಗೆ ಆ ಮಾತು ದಿನದ ಮಾತು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಕ್ಷಣವೇ ನಿರ್ಧರಿಸಿದೆ: ಇದನ್ನು ಅಂಗಡಿಗೂ ಕೊಡುವುದಿಲ್ಲ, ದಲಾಲಿಗೂ ಕೊಡುವುದಿಲ್ಲ. ಇದರ ಬೆಲೆ ತಿಳಿದ ಒಬ್ಬ ಮನುಷ್ಯನಿಗೆ ನಾನೇ ಕೈಯಾರೆ ಮಾರುತ್ತೇನೆ. ಇದು ಗುಜರಿ ಅಲ್ಲ ಎಂದು ರಾಯಚೂರು ಜಿಲ್ಲೆಗೆಲ್ಲ ಗೊತ್ತಾಗಬೇಕು.

ನಮ್ಮವರು ಕಚೇರಿಯಲ್ಲಿ ಕಾಗದಪತ್ರ ಬರೆದು ಬರೆದು ಪಳಗಿದವರು. ಮೊಬೈಲಿನಲ್ಲಿ ಹಾಕಲು ಅವರೇ ಜಾಹೀರಾತು ಬರೆದರು. 'ಹೆಂಗಸರು ಓಡಿಸಿದ ಗಾಡಿ' ಎಂದು ಮೊದಲ ಸಾಲಿನಲ್ಲೇ ಇತ್ತು. ಹಾಗೆ ಬರೆದರೆ ಬೇಗ ಹೋಗುತ್ತದಂತೆ.

"ಯಾಕ್ರಿ, ಹೆಂಗಸರು ಓಡಿಸಿದ್ರ ಏನು ವಿಶೇಷ?" ಎಂದೆ.

"ಮೆಲ್ಲಕ ಓಡಿಸಿರ್ತಾರ ಅಂತ ಅರ್ಥ. ಇಂಜಿನ್ ಸವದಿರಂಗಿಲ್ಲ."

"ನಾ ಏನು ಮೆಲ್ಲಕ ಓಡಿಸಿಲ್ಲ."

"ಅದು ನನಗ ಗೊತ್ತದ. ತೊಗೊಳ್ಳೋರಿಗೆ ಗೊತ್ತಾಗೂದು ಬ್ಯಾಡ."

ಜಾಹೀರಾತು ಹಾಕಿದ ಮೇಲೆ ಫೋನಿಗೆ ಬಿಡುವಿಲ್ಲ. ನಮಸ್ಕಾರವಿಲ್ಲ, ಹೆಸರಿಲ್ಲ, 'ಲಾಸ್ಟ್ ಎಷ್ಟು' ಎಂದಷ್ಟೇ ಬರೆದು ಕಳಿಸುತ್ತಾರೆ. ಮೊದಲ ಮಾತನ್ನೇ ಆಡದೆ ಕೊನೆಯದನ್ನು ಕೇಳುವವರ ಜೊತೆ ನಾನು ವ್ಯವಹರಿಸಲಿಲ್ಲ. ಮನೆಗೆ ಬಂದು ನೋಡಿದವರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಯುವಕನೊಬ್ಬ ನನಗೆ ಹಿಡಿಸಿದ. ವಿನಯವಂತ, ಟೈರಿಗೆ ಒದೆಯಲಿಲ್ಲ. ಅವನನ್ನು ಕೂರಿಸಿ, ಚಹಾ ಕೊಟ್ಟು, ಒದ್ದೆ ಬಟ್ಟೆಯಿಂದ ಹಿಡಿದು ಹಾರ್ನಿನವರೆಗೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಗ್ಯಾರಂಟಿ ಕೊಡದೆ ಮಾರುವವರು ಏನನ್ನೂ ಮುಚ್ಚಿಡಬಾರದು, ಇದು ನನ್ನ ನಿಯಮ. ಹೇಳುತ್ತಾ ಹೇಳುತ್ತಾ ನನಗೇ ಉತ್ಸಾಹ ಬಂದು, ಒಳಗಿನಿಂದ ತೆರೆಯುವ ಬಾಗಿಲನ್ನು ನಾನೇ ಒಳಗೆ ನುಸುಳಿ ತೆರೆದು ತೋರಿಸಿದೆ. ಅವನು ಚಹಾದ ಲೋಟ ಕೆಳಗಿಟ್ಟು, ಅವ್ವನನ್ನು ಕೇಳಿ ಬರುತ್ತೇನೆಂದು ಹೋದವನು ಹೋದನೇ.

"ನೀ ಗಾಡಿ ಮಾರಾಕತ್ತೀಯೋ, ಅದರ ಜಾತಕ ಓದಾಕತ್ತೀಯೋ?" ಎಂದರು ನಮ್ಮವರು.

ಆಮೇಲೆ ಬಂದವರು ಖಾಜಾಸಾಬ. ಮಾನ್ವಿಯಲ್ಲಿ ಅವರದೊಂದು ಬಟ್ಟೆ ಅಂಗಡಿ. ಹೆಂಡತಿ ಶಾಹೀನ್ ಮತ್ತು ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡೇ ಬಂದಿದ್ದರು. ಇಷ್ಟು ದಿನ ಒಂದೇ ಬೈಕಿನ ಮೇಲೆ ಐದು ಜನ ಹೋಗುತ್ತಿದ್ದರಂತೆ, ಮಕ್ಕಳು ಬೆಳೆದ ಮೇಲೆ ಹಿಂದೆ ಕೂತವರು ಯಾರಾದರೊಬ್ಬರು ಉದುರಿಬೀಳುವ ಭಯ. ಖಾಜಾಸಾಬ ಬಾನೆಟ್ ಎತ್ತಲಿಲ್ಲ, ಟೈರು ನೋಡಲಿಲ್ಲ. ಮೊದಲು ಹೆಂಡತಿ ಮಕ್ಕಳನ್ನು ಒಳಗೆ ಕೂರಿಸಿದರು. ಒಳಗಿನಿಂದ ಶಾಹೀನ್, "ಅಚ್ಛೀಚ್ ಹೈ ಜೀ" ಎಂದು ಮೆಚ್ಚಿಕೊಂಡದ್ದು ಕೇಳಿಸಿತು. ಆಗ ಅವರು ನನ್ನ ಕಡೆ ತಿರುಗಿದರು.

"ತಪ್ಪು ತಿಳೀಬ್ಯಾಡ್ರಿ ಅಕ್ಕೋರ. ನಮ್ಮ ಅಬ್ಬಾ ಸಂತ್ಯಾಗ ಎತ್ತಿನ ವ್ಯಾಪಾರ ಮಾಡ್ತಿದ್ರು. ನನಗ ಗಾಡಿ ನೋಡಾಕ ಬರಂಗಿಲ್ಲ, ಎತ್ತು ನೋಡಾಕ ಬರ್ತದ. ಎತ್ತಿಗೆ ಕೇಳೂ ಸವಾಲು ಕೇಳ್ತೀನಿ, ನಡೀತದೇನ್ರಿ?"

ನಡೆಯುತ್ತದೆ ಎಂದೆ. ಗುಜರಿ ಎಂದವನ ಬಾಯಿಗಿಂತ ಎತ್ತು ಎನ್ನುವ ಬಾಯಿ ಎಷ್ಟೋ ಮೇಲು.

"ಮೇವು ಎಷ್ಟು ತಿಂತದ್ರಿ?"

ಹೇಳಿದೆ.

"ಬಿಸಲಾಗ ಕುಂದರ್ತದೇನ್ರಿ?"

ಒದ್ದೆ ಬಟ್ಟೆಯ ಕತೆ ಹೇಳಿದೆ. ಅವರು ತಲೆಯಾಡಿಸಿದರು. ಎತ್ತಿಗೂ ಮಧ್ಯಾಹ್ನ ಮೈಮೇಲೆ ನೀರು ಹಾಕುತ್ತಾರಂತೆ.

"ಕಡೀ ಮಾತು. ಮಾಲಕರ ಕೈ ಬಿಟ್ಟು ಬ್ಯಾರೇದವರ ಕೈಗೆ ಹೊಂದತದೇನ್ರಿ?"

ನಾನು ನಕ್ಕುಬಿಟ್ಟೆ. "ಯಂತ್ರ ಅದ ಖಾಜಾಸಾಬ, ಯಾರು ಕೀಲಿ ತಿರುವಿದ್ರೂ ನಡೀತದ" ಎಂದೆ. ಆ ಕಾರಿನ ಬಗ್ಗೆ ನಾನು ಹೇಳಿದ ಎಲ್ಲ ಮಾತುಗಳಲ್ಲಿ ಪರೀಕ್ಷೆ ಮಾಡದೆ ಹೇಳಿದ್ದು ಇದೊಂದೇ. ಏಕೆಂದರೆ ಅಲ್ಲಿಯವರೆಗೆ ನನ್ನ ಗಾಡಿಯನ್ನು ನಾನು ಇನ್ನೊಬ್ಬರ ಕೈಗೆ ಕೊಟ್ಟಿರಲಿಲ್ಲ, ನಮ್ಮವರ ಕೈಗೂ.

ಮಾತುಕತೆ ಮುಗಿಯಿತು. ನಮ್ಮವರು ಕಾಗದ ಬರೆದರು. ಗಾಡಿಯನ್ನು ಇದ್ದ ಸ್ಥಿತಿಯಲ್ಲಿ ಕೊಟ್ಟಿದೆ, ಕೊಂಡವರು ಕಣ್ಣಾರೆ ನೋಡಿ ಒಪ್ಪಿದ್ದಾರೆ, ಮುಂದೆ ಯಾವ ದುರಸ್ತಿ ಬಂದರೂ ಮಾರಿದವರು ಜವಾಬ್ದಾರರಲ್ಲ, ಯಾವುದೇ ಗ್ಯಾರಂಟಿ ಇರುವುದಿಲ್ಲ. ವಾಕ್ಯ ಎಲ್ಲಿಯೂ ಸೋರದಂತೆ ಗಟ್ಟಿಯಾಗಿ ಬರೆದಿದ್ದರು. ಖಾಜಾಸಾಬ ಅದನ್ನು ಓದದೆ ಸಹಿ ಹಾಕಿ, "ಕಾಗದ ಇರಲ್ರಿ. ನಿಮ್ಮ ಬಾಯಿಲೆ ಒಂದು ಮಾತು ಹೇಳ್ರಿ ಅಕ್ಕೋರ" ಎಂದರು. ಓಣಿಯವರೆಲ್ಲ ನಿಂತಿದ್ದರು. ಅಷ್ಟು ಜನ ಸೇರಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಗ್ಯಾರಂಟಿ ಇಲ್ಲ. ಆದ್ರ ಈ ಗಾಡಿ ಇವತ್ತಿನ ತನಕ ಯಾರನ್ನೂ ದಾರ್ಯಾಗ ಕೈ ಬಿಟ್ಟಿಲ್ಲ, ಮುಂದನೂ ಬಿಡಂಗಿಲ್ಲ" ಎಂದುಬಿಟ್ಟೆ. ಪಕ್ಕದಲ್ಲಿ ನಮ್ಮವರು ತಮ್ಮ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ನಿಟ್ಟುಸಿರು ಬಿಟ್ಟರು. ಮುಂದಿನ ಸೀಟಿನಲ್ಲಿ ಕೂತ ಶಾಹೀನಳಿಗೆ ತೆಂಗಿನಕಾಯಿ, ಅಕ್ಕಿ, ಬೆಲ್ಲದಚ್ಚು ಹಾಕಿ ಉಡಿ ತುಂಬಿದೆ. ಅವಳು ದುಪ್ಪಟ್ಟದ ಸೆರಗು ಒಡ್ಡಿ ತೆಗೆದುಕೊಂಡಳು. ಗಾಡಿ ಓಣಿಯ ತುದಿಯಲ್ಲಿ ಬಲಕ್ಕೆ ತಿರುಗುವಾಗ ಹಾರ್ನು ತಾನಾಗಿ ಬಡಿದುಕೊಂಡಿತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಬೇಸಿಗೆ ರಜೆ. ಒಂದು ಮಧ್ಯಾಹ್ನ ಮಾನ್ವಿಯಿಂದ ಫೋನು ಬಂತು.

"ಗಾಡೀದೇನೂ ತಪ್ಪಿಲ್ರಿ ಅಕ್ಕೋರ. ನನ್ನ ಕೈಗುಣ ಇರಬೇಕು. ಅಂಗಡಿ ಮುಂದ ಕುಂತದ, ಏಳವಲ್ದು."

"ಒದ್ದಿ ಬಟ್ಟಿ ಹಾಕಿದ್ರೇನು?"

"ಹಾಕೀನ್ರಿ. ಅಂಗಡ್ಯಾಗಿನ ಹೊಸಾ ಬಟ್ಟಿನ ಹರದು ಹಾಕೀನಿ. ನಿಮ್ಮ ಗಾಡಿಗೆ ಹಳೇದು ಹಾಕಾಕ ಮನಸ್ಸು ಬರಲಿಲ್ಲ."

ಸುತ್ತ ಜನ ನಗುವುದು ಫೋನಿನಲ್ಲೂ ಕೇಳಿಸಿತು. ಯಾರೋ 'ಗುಜರಿ' ಎಂದಂತಾಯಿತು. ಎಂದರೋ ಇಲ್ಲವೋ, ನನಗಂತೂ ಕೇಳಿಸಿತು. ಗ್ಯಾರಂಟಿ ಇಲ್ಲ ಎಂಬ ಕಾಗದ ನಮ್ಮ ಟ್ರಂಕಿನಲ್ಲಿ ಸುಖವಾಗಿ ಮಲಗಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೊರಟೆ. ಕಲ್ಮಲ ದಾಟುವಾಗ ಬಸ್ಸಿನ ಕಿಟಕಿಯಿಂದ ಬೀಸುತ್ತಿದ್ದದ್ದು ಗಾಳಿಯಲ್ಲ, ರೊಟ್ಟಿ ಸುಡುವ ಹಂಚಿನ ಝಳ. ನನಗೆ ಅದರ ಅರಿವೇ ಇರಲಿಲ್ಲ. ನನ್ನ ಗಾಡಿಯನ್ನು ಪರಊರಿನಲ್ಲಿ ನಾಲ್ಕು ಜನ ಆಡಿಕೊಂಡು ನಗುತ್ತಿದ್ದಾರೆ ಎನ್ನುವುದೊಂದೇ ತಲೆಯಲ್ಲಿ.

ಹೋಗಿ ಬಾನೆಟ್ ಎತ್ತಿ ನೋಡಿದರೆ, ಪಂಪಿನ ಮೇಲೆ ಮಿರಿಮಿರಿ ಮಿಂಚುವ ಗುಲಾಬಿ ಬಣ್ಣದ ಕುಪ್ಪಸದ ಬಟ್ಟೆ. ಅದರಲ್ಲಿ ಒಂದು ಎಳೆ ಹತ್ತಿಯಿಲ್ಲ. ಹಾಕಿದ ನೀರೆಲ್ಲ ಜಾರಿ ಕೆಳಗೆ ಹೋಗಿ, ಬಟ್ಟೆ ಮದುವೆಗೆ ಹೊರಟಂತೆ ಒಣಗಿ ಕೂತಿತ್ತು. ಹಳೆಯ ಹತ್ತಿ ಬಟ್ಟೆ ತನ್ನಿ ಎಂದೆ. ಅಷ್ಟು ದೊಡ್ಡ ಬಟ್ಟೆ ಅಂಗಡಿಯಲ್ಲಿ ಹಳೆಯ ಬಟ್ಟೆ ಒಂದು ತುಣುಕೂ ಸಿಗಲಿಲ್ಲ. ಶಾಹೀನ್ ಮನೆಗೆ ಹೋಗಿ ಯಾವುದೋ ಕಾಲದ ಹತ್ತಿಯ ಹಾಸಿಗೆಯ ಚಾದರ ತಂದಳು. ಅದನ್ನು ತೋಯಿಸಿ ಹಾಕಿ ಕಾದೆವು. ಖಾಜಾಸಾಬ ಕೀಲಿ ತಿರುಗಿಸಿದರು. ಗಾಡಿ ಕೆಮ್ಮಿ ಸುಮ್ಮನಾಯಿತು. ನಾನು ಕೂತು ತಿರುಗಿಸಿದೆ. ಹೊತ್ತಿತು. ನಾನೇನು ಬೇರೆ ಮಾಡಿದೆ ಎಂದು ಅವರು ಕೇಳಿದರು. ನಿಜವಾಗಿ ನನಗೂ ಗೊತ್ತಿಲ್ಲ. ಕಾಲು ಎಷ್ಟು ಒತ್ತುತ್ತೇನೆ, ಕೀಲಿಯನ್ನು ಎಲ್ಲಿ ಹಿಡಿದು ನಿಲ್ಲಿಸುತ್ತೇನೆ ಎಂಬುದೆಲ್ಲ ಕೈಕಾಲಿಗೆ ಗೊತ್ತು, ನನಗೆ ತಿಳಿಸಿಲ್ಲ. ಗಣಿತದಲ್ಲಿ ಉತ್ತರ ಬಂದರೆ ಸಾಲದು, ಬಿಡಿಸಿದ ರೀತಿಯನ್ನೂ ತೋರಿಸಬೇಕು ಎಂದು ಮಕ್ಕಳ ಅಂಕ ಕತ್ತರಿಸಿದವಳು ನಾನು. ಅಲ್ಲಿ ಮಾತ್ರ ಉತ್ತರ ತೋರಿಸಿ ಎದ್ದುಬಂದೆ. ಅಂಗಡಿಯ ಮುಂದೆ ನಿಂತಿದ್ದ ಜನ, "ಅಕ್ಕೋರ ಕೈಯಾಗ ಏನೋ ಅದಪ" ಎಂದರು. ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತೇ ಬಂದೆ, ಆದರೆ ನಿಂತದ್ದು ಗೊತ್ತಾಗಲಿಲ್ಲ.

ಎರಡನೆಯ ಸಲ ಗಾಡಿ ನಿಂತದ್ದು ಹಿರೇಕೊಟ್ನೆಕಲ್ ಹತ್ತಿರ. ಖಾಜಾಸಾಬ ಕುಟುಂಬ ಸಮೇತ ನೆಂಟರ ಮದುವೆಗೆ ಹೊರಟಿದ್ದರು. ಭಾನುವಾರ ಬೇರೆ. ಈ ಸಲ ನಮ್ಮವರನ್ನು ಎಬ್ಬಿಸಿ ಹೊಸ ಕಾರಿನಲ್ಲೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕಾರು ಒಂದು ಕಡೆ ಕೂಗುತ್ತಿತ್ತು, ಇವರು ಒಂದು ಕಡೆ.

"ಗ್ಯಾರಂಟಿ ಇಲ್ಲಂತ ಕಾಗದದಾಗ ನಾ ಬರದೀನಿ. ನೀ ಹಾದಿ ಖರ್ಚು ಹಾಕ್ಕೊಂಡು ಹೋಗಿ ಗ್ಯಾರಂಟಿ ಕೊಡಾಕತ್ತಿ. ಕಂಪನಿಯವ್ರೂ ಹಿಂಗ ಮನೀ ಬಾಗಲಿಗೆ ಬರಂಗಿಲ್ಲ."

"ಇದು ಗ್ಯಾರಂಟಿ ಅಲ್ರಿ."

"ಮತ್ತೇನಿದು?"

'ನನ್ನ ಗಾಡಿ ನಡುದಾರಿಯಲ್ಲಿ ನಿಂತಿತು ಎನ್ನುವ ಮಾತು ಹಿರೇಕೊಟ್ನೆಕಲ್‌ನಲ್ಲಿ ಉಳಿಯುವುದನ್ನು ನಾನು ಸಹಿಸಲಾರೆ' ಎಂದು ಗಂಡನ ಮುಂದೆ ಹೇಳುವುದು ಹೇಗೆ.

ಭತ್ತದ ಗದ್ದೆಯ ಪಕ್ಕದ ಜಾಲಿ ಮರದ ಕೆಳಗೆ ಗಾಡಿ ನಿಂತಿತ್ತು. ಮಕ್ಕಳು ಜರಿಯ ಬಟ್ಟೆ ಹಾಕಿಕೊಂಡು ಕಾಲುವೆಯ ಏರಿಯ ಮೇಲೆ ಕೂತಿದ್ದರು. ಶಾಹೀನ್ ಗಂಡನ ಜೊತೆ ಮಾತು ಬಿಟ್ಟಿದ್ದಳು. ನಾನು ಕೀಲಿ ತಿರುಗಿಸಿದೆ. ಏಳಲಿಲ್ಲ. ನನ್ನ ಕೈಗೂ ಏಳಲಿಲ್ಲ. ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದು ಈ ಜಾಲಿ ಮರದ ಕೆಳಗೆ ಮುಗಿಯುತ್ತದೇನೋ ಅನ್ನಿಸಿತು. ಆಮೇಲೆ ಏನೋ ಹೊಳೆದು, ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿಯನ್ನು ಅಲುಗಾಡಿಸಿ ಕಿವಿಗೊಟ್ಟು ಕೇಳಿದೆ. ಒಳಗೆ ಒಂದು ಹನಿಯ ಸದ್ದಿಲ್ಲ.

"ಖಾಜಾಸಾಬ, ಪೆಟ್ರೋಲ್ ಯಾವಾಗ ಹಾಕಿಸಿದ್ರಿ?"

"ಯಾಕ ಹಾಕಸ್ಬೇಕ್ರಿ? ಅರ್ಧ ಅದಲ್ರಿ. ಯಾವಾಗ್ಲೂ ಅರ್ಧ ಇರ್ತದ ಅಂತ ನೀವ ಹೇಳೀರಿ."

ನಮ್ಮವರು ಜಾಲಿ ಮರದ ಆ ಬದಿಗೆ ಹೋಗಿ ನಿಂತು ಭುಜ ಕುಣಿಸಿ ನಗತೊಡಗಿದರು. ನಾನು ನಗಲಿಲ್ಲ. ನನಗಾದ ಸಂತೋಷ ನಗುವಿಗಿಂತ ದೊಡ್ಡದು. ಏರಿಯ ಮೇಲೆ ನಿಂತಿದ್ದ ನಾಲ್ಕಾರು ರೈತರಿಗೂ ಕೇಳುವ ಹಾಗೆ ಹೇಳಿದೆ: "ಗಾಡಿ ನಿಂತಿಲ್ರಿ. ಪೆಟ್ರೋಲ್ ಮುಗದದ. ಇವು ಎರಡೂ ಬ್ಯಾರೆ ಬ್ಯಾರೆ."

ಪೆಟ್ರೋಲ್ ತರಿಸಿ ಹಾಕಿದ ಮೇಲೂ ಗಾಡಿ ಖಾಜಾಸಾಬರ ಕೈಗೆ ತಕರಾರು ಮಾಡಿತು, ನನ್ನ ಕೈಗೆ ಎದ್ದಿತು. ಮದುವೆಯ ಮನೆಯವರೆಗೂ ನಾನೇ ಓಡಿಸಿಕೊಂಡು ಹೋದೆ. ನಮ್ಮವರು ಹೊಸ ಕಾರಿನಲ್ಲಿ ಹಿಂದೆ ಬಂದರು. ಊಟಕ್ಕೆ ಕೂತಾಗ ಖಾಜಾಸಾಬ ತಮ್ಮ ನೆಂಟರಿಗೆ ನನ್ನನ್ನು ಪರಿಚಯಿಸಿ, "ನಮ್ಮ ಅಬ್ಬಾ ಹೇಳ್ತಿದ್ರು, ಎತ್ತು ಹೊಸಾ ಮನೀಗೆ ಹೊಂದವಲ್ದು ಅಂದ್ರ ಹಳೇ ಮಾಲಕನ್ನ ಕರಸಿ ಮೈ ಸವರಸ್ಬೇಕು ಅಂತ. ಒಳ್ಳೆ ಮಾಲಕ ಆದ್ರ ಬರ್ತಾನ, ಸುಳ್ಳು ಹೇಳಿ ಮಾರಿದವ ಬರಂಗಿಲ್ಲ. ನೋಡ್ರಿ, ಅಕ್ಕೋರು ಬಂದಾರ" ಎಂದರು. ಆ ಮಾತು ಕೇಳಿ ನನಗೆ ಬಿರಿಯಾನಿಯ ರುಚಿಯೇ ತಿಳಿಯಲಿಲ್ಲ. ಶಾಲೆಯಲ್ಲಿ ಎಷ್ಟೋ ಸನ್ಮಾನಗಳಾಗಿವೆ, ಶಾಲು ಹೊದಿಸಿದ್ದಾರೆ, ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ. ಆದರೆ ಮಾರಿದ ಮೇಲೂ ಬಂದವಳು ಎಂದು ಯಾರೂ ಹೊಗಳಿರಲಿಲ್ಲ. ಊರಿಗೆ ಬರುವವರೆಗೂ ನಾನು ಮಾತಾಡುತ್ತಲೇ ಇದ್ದೆ. ನಮ್ಮವರು ಬೆಲ್ಟು ಹಾಕಿಕೊಂಡು ಸುಮ್ಮನೆ ಓಡಿಸಿದರು.

ಆಮೇಲೆ ಇದು ಒಂದು ಪದ್ಧತಿಯೇ ಆಯಿತು. ಮಾನ್ವಿಯಿಂದ ಫೋನು ಬರುವುದು, ನಾನು ಹೋಗುವುದು, ಗಾಡಿ ಏಳುವುದು, ಶಾಹೀನ್ ಚಹಾದ ಜೊತೆ ಏನಾದರೂ ಕರಿದು ಕೊಡುವುದು. ಹೋದಾಗಲೆಲ್ಲ ಮಕ್ಕಳಿಗೆ ಗಣಿತವನ್ನೂ ಹೇಳಿಕೊಟ್ಟು ಬರುತ್ತಿದ್ದೆ. ಎಷ್ಟೋ ದಿನ ಫೋನು ಬಾರದಿದ್ದರೆ ನನಗೇ ಕಸಿವಿಸಿ. ಗಾಡಿ ಚೆನ್ನಾಗಿದೆ ಎಂದು ಹಿಗ್ಗಬೇಕೋ, ನನ್ನನ್ನು ಮರೆತಿತು ಎಂದು ಕುಗ್ಗಬೇಕೋ ತಿಳಿಯುತ್ತಿರಲಿಲ್ಲ. ಒಮ್ಮೆ ತಡೆಯಲಾರದೆ ನಾನೇ ಫೋನು ಮಾಡಿ ಗಾಡಿ ಹೇಗಿದೆ ಎಂದು ಕೇಳಿದೆ. "ಆರಾಮ ಅದ್ರಿ" ಎಂದರು ಖಾಜಾಸಾಬ. ಅಂದು ಸಂಜೆ ನಮ್ಮವರು, "ಯಾಕ ಮುಖ ಸಪ್ಪಗದ?" ಎಂದು ಎರಡು ಸಲ ಕೇಳಿದರು.

ಹೀಗಿರುವಾಗ ಒಂದು ದಿನ ಖಾಜಾಸಾಬರೇ ರಾಯಚೂರಿಗೆ ಬಂದರು. ಅಂಗಡಿಗೆ ಸರಕು ತರಲು ದೊಡ್ಡ ಗಾಡಿ ಕೊಂಡಿದ್ದಾರಂತೆ, ಇದನ್ನು ದೇವದುರ್ಗದ ಒಬ್ಬರು ಕೇಳುತ್ತಿದ್ದಾರಂತೆ, ಕೊಡಲೋ ಬೇಡವೋ ಎಂದು ನನ್ನನ್ನು ಕೇಳಲು ಬಂದಿದ್ದರು. ತನ್ನ ಗಾಡಿ ಮಾರಲು ಹಳೆಯ ಮಾಲೀಕಳ ಅಪ್ಪಣೆ ಕೇಳಿದ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು. ಬೇಸರವಾದರೂ ಕೊಡಿ ಎಂದೆ. "ಗ್ಯಾರಂಟಿ ಏನೂ ಹೇಳಬ್ಯಾಡ್ರಿ ಮತ್ತ" ಎಂದು ಎಚ್ಚರಿಕೆಯನ್ನೂ ಕೊಟ್ಟೆ. "ಗಾಡಿದು ಹೇಳಂಗಿಲ್ರಿ" ಎಂದರು. ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ.

ಮುಂದಿನ ವಾರ ಗಾಡಿ ಕೇಳಿದ್ದ ದೇವದುರ್ಗದ ಶರಣಪ್ಪನವರು ಬಂದರು. ರೈಸ್ ಮಿಲ್ಲಿನ ಮಾಲೀಕರು, ಹಣೆ ತುಂಬ ವಿಭೂತಿ, ಕೈಯಲ್ಲಿ ಒಂದು ಸಣ್ಣ ಚೀಲ ಅಕ್ಕಿ. ಮಗಳು ಗಾಡಿ ಕಲಿಯಬೇಕೆಂದು ಹಟ ಹಿಡಿದಿದ್ದಾಳಂತೆ. ಹೊಸ ಗಾಡಿ ಕೊಟ್ಟರೆ ಮಿಲ್ಲಿನ ಗೇಟಿಗೆ ಗುದ್ದುತ್ತಾಳೆ, ಅದಕ್ಕೆ ಹಳೆಯದು. ಹೆಣ್ಣುಮಗಳೊಬ್ಬಳು ನನ್ನ ಗಾಡಿಯಲ್ಲಿ ಕಲಿಯುತ್ತಾಳೆ ಎಂದು ಕೇಳಿ ನನಗೆ ರೋಮಾಂಚನವಾಯಿತು. ಕೂರಿಸಿ, ನೀರು ಕೊಟ್ಟು, ಗಾಡಿಯ ಸ್ವಭಾವಗಳನ್ನು ಒಂದೊಂದಾಗಿ ಹೇಳಲು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ಗಾಡಿ ನೋಡೀನ್ರಿ ಅಕ್ಕೋರ. ಎಲ್ಲಾ ಖಾಜಾಸಾಬ ಹೇಳ್ಯಾನ. ಇವತ್ತ ನಾ ಬಂದಿದ್ದು ನಿಮ್ಮನ್ನ ನೋಡಾಕ."

"ನನ್ನನ್ನ ಯಾಕ್ರಿ?"

"ಗಾಡಿಗೆ ಗ್ಯಾರಂಟಿ ಇಲ್ಲ, ಅಕ್ಕೋರಿಗೆ ಅದ ಅಂದಾನ್ರಿ. ಕೆಟ್ರ ಬರ್ತಾರ ಅಂದಾನ. ಅದರ ಮ್ಯಾಲ ರೇಟೂ ಒಂದಿಷ್ಟು ಏರ್ಸ್ಯಾನ."

ಪತ್ರಿಕೆಯ ಹಿಂದೆ ಕೂತಿದ್ದ ನಮ್ಮವರ ಪತ್ರಿಕೆ ಕೆಳಗಿಳಿಯಿತು. ನಾನು ಸಿಟ್ಟಾಗಬೇಕಿತ್ತು. ಗಾಡಿಯ ಜೊತೆ ನನ್ನನ್ನೂ ಮಾನ್ವಿಯಿಂದ ದೇವದುರ್ಗಕ್ಕೆ ಮಾರಿದ್ದಾರೆ ಎಂದರೆ ಯಾರಿಗೂ ಸಿಟ್ಟು ಬರಬೇಕು. ಆದರೆ ಸಿಟ್ಟನ್ನು ಹುಡುಕಿದರೆ ಒಳಗೆ ಸಿಕ್ಕಿದ್ದು ಬರೀ ಹಿಗ್ಗು. ನನ್ನಿಂದ ಗಾಡಿಯ ಬೆಲೆ ಏರಿತಲ್ಲ ಎಂಬ ಹಿಗ್ಗು.

ಶರಣಪ್ಪನವರು ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. "ನೌಕರಿ ಇನ್ನ ಎಷ್ಟು ದಿನ ಅದ್ರಿ?" ಎಂದರು. ಹೇಳಿದೆ. "ರಿಟೈರ್ ಆದ ಮ್ಯಾಲ ಊರು ಬಿಟ್ಟು ಹೋಗೂ ವಿಚಾರ?" ಇಲ್ಲ ಎಂದೆ. "ಬಿಪಿ, ಶುಗರ್?" ಇಲ್ಲ ಎಂದೆ. "ಕಣ್ಣು ಛಲೋ ಕಾಣ್ತಾವಲ್ರಿ? ಬಿಸಲಾಗ ಬಸ್ಸಿನ್ಯಾಗ ಓಡಾಡಿದ್ರ ತ್ರಾಸೇನೂ ಆಗಂಗಿಲ್ಲಲ್ರಿ?" ಒಂದೊಂದಕ್ಕೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಟೈರಿಗೆ ಒದ್ದು ನೋಡುವುದೊಂದು ಬಾಕಿ. ಆಮೇಲೆ ಅವರು ತಗ್ಗಿದ ದನಿಯಲ್ಲಿ, "ಮೊಳಕಾಲು ಹೆಂಗದಾವ್ರಿ? ಅಲ್ಲ, ಬಸ್ಸು ಹತ್ತಿ ಇಳಿಯೂದು ಇರ್ತದಲ್ಲ, ಅದಕ್ಕ ಕೇಳಿದೆ" ಎಂದರು.

ನನ್ನ ಎಡ ಮೊಣಕಾಲು ಕಳೆದ ಯುಗಾದಿಯಿಂದ ಮಾತು ಕೇಳುತ್ತಿಲ್ಲ. ಶಾಲೆಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತೇನೆ. ನೆಲಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ದಿನಾ ಬೆಳಿಗ್ಗೆ ಎಣ್ಣೆ ತಿಕ್ಕುವವರು ನಮ್ಮವರೇ. ಅವರು ಈಗ ಪತ್ರಿಕೆಯನ್ನು ಪೂರ್ತಿ ಮಡಚಿ, ನಾನು ಏನು ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದರು.

"ಮೊಳಕಾಲಿಗೇನಾಗ್ಯದ್ರಿ, ಗಟ್ಟಿ ಅದಾವ" ಎಂದೆ.

ಶರಣಪ್ಪನವರು ವ್ಯಾಪಾರಸ್ಥರು. ನನ್ನ ಮಾತಿಗೆ ತಲೆಯಾಡಿಸಿ, ನಮ್ಮವರ ಕಡೆ ತಿರುಗಿ, "ಹೌದೇನ್ರಿ ಸರ?" ಎಂದರು.

"ಅದನ್ನ ನಾ ಬರದು ಕೊಡಂಗಿಲ್ರಿ. ನಿಮ್ಮ ಕಣ್ಣಲೆ ನೀವ ನೋಡಿ ತೊಗೋರಿ" ಎಂದರು ನಮ್ಮವರು.

ನಾನು ಕುರ್ಚಿಯ ಕೈ ಹಿಡಿಯದೆ ಎದ್ದೆ. ಒಳಗೆ ಏನೋ ಲಟಕ್ ಎಂದಿತು, ಅದರ ಮೇಲೆ ಜೋರಾಗಿ ಕೆಮ್ಮಿದೆ. ಚಹಾ ತರುತ್ತೇನೆಂದು ಅಡುಗೆ ಮನೆಗೆ ಸರಸರ ನಡೆದುಹೋಗಿ, ಬಾಗಿಲ ಮರೆಯಲ್ಲಿ ಕಟ್ಟೆ ಹಿಡಿದು ಹಲ್ಲು ಕಚ್ಚಿ ನಿಂತು, ಮತ್ತೆ ಟ್ರೇ ಹಿಡಿದುಕೊಂಡು ಅಷ್ಟೇ ಸರಸರ ಬಂದೆ. ಶರಣಪ್ಪನವರು ಚಹಾದ ಕಡೆ ನೋಡಲೇ ಇಲ್ಲ, ನನ್ನ ನಡಿಗೆಯನ್ನು ಬಾಗಿಲಿನಿಂದ ಕುರ್ಚಿಯವರೆಗೂ ನೋಡಿದರು. ನೋಡಿ, "ಹಂಗಾದ್ರ ಗಾಡಿ ತೊಗೋತೀನ್ರಿ" ಎಂದರು. ಒಳಗಿನಿಂದ ತೆರೆಯುವ ಬಾಗಿಲನ್ನು ಕೂಡ ಮುಚ್ಚಿಡದೆ ಮಾರಿದವಳು ನಾನು, ಅಂದು ಒಂದು ಇಡೀ ಮೊಣಕಾಲನ್ನು ಮುಚ್ಚಿಟ್ಟೆ.